ಮುನಿಲಕ್ಷ್ಮಮ್ಮನ ಉಪವಾಸ

ಉಪವಾಸದಲ್ಲಿ ಉತ್ತರಹಳ್ಳಿಯ ಮುನಿಲಕ್ಷ್ಮಮ್ಮನನ್ನು ಮೀರಿಸುವವರಿರಲಿಲ್ಲ. ಗಂಡ ಬೈರಣ್ಣನ ಮಂಡಿನೋವಿಗೆಂದು ಸೋಮವಾರ, ಮಗಳಿಗೆ ಒಳ್ಳೆಯ ಸಂಬಂಧ ಬರಲೆಂದು ಶನಿವಾರ. ಮಹಡಿ ಮೇಲಿನ ಬಾಡಿಗೆಯವರ ಮಗುವಿಗೆ ಜ್ವರ ಬಂದಾಗಲೂ ಊಟ ಬಿಟ್ಟವಳು ಇವಳೇ. ಮಗು ಮಾತ್ರ ಬಿಸ್ಕತ್ತು ತಿಂದುಕೊಂಡೇ ಗುಣವಾಯಿತು.

ಹೀಗಾಗಿ ಜಯನಗರದ ಆಸ್ಪತ್ರೆಯವರು ಅವಳ ಹೃದಯದ ಬೈಪಾಸ್ ಆಪರೇಷನ್ನಿಗೆ ಮುಂಚೆ ಏನೂ ತಿನ್ನಬಾರದು ಎಂದಾಗ ಅವಳಿಗೆ ನಗು ಬಂತು. ಬೇಗೂರಿನ ನಾಗೇಶ್ವರನನ್ನು ನೆನೆದು ಅದನ್ನೇ ವ್ರತ ಮಾಡಿಕೊಂಡಳು. ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಲು ನರ್ಸ್ ಕೊಟ್ಟ ಬಿಪಿ ಮಾತ್ರೆ ಸೀದಾ ದಿಂಬಿನ ಕೆಳಗೆ ಹೋಯಿತು.

ಥಿಯೇಟರಿನಲ್ಲಿ ಬಿಪಿ ಇನ್ನೂರು ದಾಟಿತು. ಹೀಗೇ ಇದ್ದರೆ ಇವತ್ತು ಆಪರೇಷನ್ ಬೇಡ ಎಂದರು ಸರ್ಜನ್. ಮತ್ತೆ ಮನೆಗೆ ಹೋದರೆ ಆ ಹೃದಯ ಎಷ್ಟು ದಿನ ತಡೆದೀತೆಂದು ಯಾರಿಗೂ ಗೊತ್ತಿರಲಿಲ್ಲ.

ಅರಿವಳಿಕೆ ಕೊಡುವ ಡಾಕ್ಟರ್ ಸೌಮ್ಯ, ಮಗಳ ವಯಸ್ಸಿನವಳು, ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟು, ರಕ್ತನಾಳಗಳನ್ನು ಹಿಗ್ಗಿಸುವ ಔಷಧವನ್ನು ಹನಿಹನಿಯಾಗಿ ಬಿಟ್ಟಳು. ಮುನಿಲಕ್ಷ್ಮಮ್ಮನ ಮುಖ ಬೆಚ್ಚಗಾಯಿತು. ಮೇಲಿನ ದೀಪಗಳು ಕರಗಿ ಬೇಗೂರು ಕೆರೆಯ ನೀರಾದವು. ಏರಿಯ ಮೇಲೆ ಅವಳೊಬ್ಬಳೇ ಬರಿಗಾಲಲ್ಲಿ ನಡೆಯುತ್ತಿದ್ದಳು. ಯಾರೂ ಕೂಗುತ್ತಿರಲಿಲ್ಲ, ಯಾರಿಗೂ ಅನ್ನ ಬಡಿಸಬೇಕಿರಲಿಲ್ಲ. ಎಷ್ಟು ಹಾಯೆನಿಸಿತೆಂದರೆ ಸುಳ್ಳು ಹೇಳುವ ಮನಸ್ಸೇ ಹೋಯಿತು.

“ಬೆಳಿಗ್ಗೆ ಮಾತ್ರೆ ತಗೊಂಡ್ರಾ ಅಮ್ಮ?” ಸೌಮ್ಯಳ ದನಿ ಆಚೆ ದಡದಿಂದ ಬಂತು.

“ಇಲ್ಲ ತಾಯಿ. ಉಪವಾಸ ಕೆಡ್ತದಲ್ಲ.”

ಸೌಮ್ಯ ಬೈಯಲಿಲ್ಲ. “ಹಂಗಾದ್ರೆ ನಿಧಾನಕ್ಕೇ ಇಳಿಸೋಣ ಬಿಡಿ,” ಎಂದು ಔಷಧವನ್ನು ಸ್ವಲ್ಪಸ್ವಲ್ಪವೇ ಏರಿಸಿದಳು. ಒತ್ತಡ ಇಳಿಯಿತು. ಸರ್ಜನ್ ಒಪ್ಪಿದರು. ಏರಿಯ ಮೇಲೆ ನಡೆಯುತ್ತಲೇ ಮುನಿಲಕ್ಷ್ಮಮ್ಮ ನಿದ್ದೆಹೋದಳು.

ಎದೆ ತೆರೆದು ಮಹಾಧಮನಿಗೆ ಕೊಳವೆ ಕೂರಿಸುವ ಹೊತ್ತಿಗೆ ಒತ್ತಡ ಮತ್ತೆ ಏರಿತು. ರಕ್ತ ಅಷ್ಟು ರಭಸದಲ್ಲಿರುವಾಗ ಚುಚ್ಚಿದರೆ ಧಮನಿ ಸೀಳಿಹೋಗಬಹುದು. ಸರ್ಜನ್ ಕೈ ತಡೆದು ನಿಂತರು. ಸೌಮ್ಯ ಇನ್ನಷ್ಟು ಔಷಧ ಬಿಟ್ಟು, ಒತ್ತಡ ನೂರಕ್ಕೆ ಬಂದ ಮೇಲೆಯೇ ತಲೆ ಆಡಿಸಿದಳು. ಅವಳ ಬೆನ್ನು ಬೆವರಿತ್ತು.

ಮರುದಿನ ಗಂಟಲಿನ ಕೊಳವೆ ತೆಗೆದ ಮೇಲೆ ಸೌಮ್ಯ ನೋಡಲು ಬಂದಳು. ಮುನಿಲಕ್ಷ್ಮಮ್ಮನ ಕಣ್ಣಲ್ಲಿ ಮಂಪರು ಇನ್ನೂ ಇಳಿದಿರಲಿಲ್ಲ.

“ಜೀವಕ್ಕೇ ಕುತ್ತು ತಂದ್ಕೋತಿದ್ರಲ್ಲಮ್ಮ. ಯಾರಿಗೋಸ್ಕರ ಈ ಉಪವಾಸ?”

ಅವಳಿಗೆ ನಾಚಿಕೆಯಾಯಿತು. ಬೈರಣ್ಣ ಬಾಗಿಲಾಚೆ ಇದ್ದಾನೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಹೇಳಿದಳು.

“ನನಗೇ ಕಣಮ್ಮ. ನನಗೇಂತ ಯಾವತ್ತೂ ಮಾಡ್ಕೊಂಡಿರ್ಲಿಲ್ಲ. ಅದಕ್ಕೇ ಕೆಡಿಸ್ಬಾರ್ದು ಅನ್ನಿಸ್ತು.”