ಗಿರಣಿಯ ಗಾಳಿಗೆ ಬಲ್ಬು ಕಟ್ಟಿದ ಮೇಸ್ತ್ರಿ

ಮದ್ದೂರಿನ ಅಕ್ಕಿ ಗಿರಣಿಯ ಮೇಸ್ತ್ರಿ ಹುಚ್ಚೀರಯ್ಯನನ್ನು ತಕ್ಕಡಿಗೆ ಹಾಕಿದರೆ ನಾಲ್ಕು ಮಣ ತೂಗಿಯಾನು, ಅದರಲ್ಲಿ ಅರ್ಧ ಮಣ ಎಣ್ಣೆಜಿಡ್ಡು. ಭತ್ತದ ಹೊಟ್ಟನ್ನು ಹೊರಗೆ ತೂರುವ ಕೊಳವೆಯ ಬಾಯಿಗೆ ತಗಡಿನ ಚಕ್ರ ಕಟ್ಟಿ, ಸೈಕಲ್ ಡೈನಮೊ ಜೋಡಿಸಿ, ದಂಡಕ್ಕೆ ಹೋಗುತ್ತಿದ್ದ ಗಾಳಿಯಿಂದ ಬಲ್ಬು ಉರಿಸುತ್ತಾನೆ. ನನ್ನ ಲಾಂದ್ರದಂಗಡಿಯ ಗಿರಾಕಿಗಳನ್ನೂ ಕೈಹಿಡಿದು ಕರೆದೊಯ್ದು ತೋರಿಸುತ್ತಾನೆ. ಅವರು ಬಾಯಿ ಬಿಟ್ಟಷ್ಟೂ ನನ್ನ ಹೊಟ್ಟೆ ಉರಿಯುತ್ತದೆ. "ಮಿಣುಕುಹುಳಾನೇ ವಾಸಿ ಕಣ್ಲಾ" ಎಂದರೆ, "ನಿಮ್ ಲಾಂದ್ರ ಸೀಮೆಣ್ಣೆ ಕುಡೀತದೆ, ಇದು ಗಾಳಿ ಕುಡ್ಕೊಂಡೇ ಬದುಕ್ತದೆ, ಬುಡಿ ಸೆಟ್ರೆ!" ಎನ್ನುತ್ತಾನೆ. ಹುಳುಕು ಹುಡುಕಲೆಂದೇ ಮೊನ್ನೆ ಗಿರಣಿಯೊಳಕ್ಕೆ ಹೋದೆ. ಹೋದ ವರ್ಷ ಕಸ ಗುಡಿಸುವ ರೇವಮ್ಮನ ಬೆರಳನ್ನು ಕತ್ತಲಲ್ಲಿ ಯಂತ್ರದ ಬೆಲ್ಟು ಎಳೆದುಕೊಂಡಿತ್ತಲ್ಲ, ಆ ಮೂಲೆಯಲ್ಲಿ ಬಲ್ಬು ತೂಗುತ್ತಿತ್ತು. ಹೊಟ್ಟಿಗೆ ಬೆಂಕಿ ಹತ್ತೀತೆಂದು ಅಲ್ಲಿ ಲಾಂದ್ರ ಇಡುವಂತಿರಲಿಲ್ಲ. ಹುಚ್ಚೀರಯ್ಯನಿಗೆ ನಾನೊಂದು ಶಹಭಾಸ್ ಹೇಳಬೇಕು, ಇನ್ನೂ ಹೇಳಿಲ್ಲ.