ಅಕ್ಕ ತಿರುಗಿಸಿದ ನೀರು

ಅಕ್ಕ ವಿಮಾನ ಇಳಿದು ಹೊರಗೆ ಬರುವಾಗಲೂ ಬಲಗೈಯನ್ನು ಸೆರಗಿನ ಒಳಗೇ ಇಟ್ಟುಕೊಂಡಿದ್ದಳು. ಹೋದ ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡಿತು, ಬೆರಳು ಮಾತ್ರ ಮೊದಲಿನಂತೆ ಮಡಚಲಿಲ್ಲ. ಬೇರೆಯವರಾದರೆ ಹೇಗೋ ಸುಧಾರಿಸಿಕೊಂಡಾರು. ನನ್ನ ಅಕ್ಕ ಹೂ ಕಟ್ಟುವವಳು. ಉಡುಪಿಯ ಹತ್ತಿರ ಮನೆಯೆದುರಿನ ತುಂಡು ಜಾಗದಲ್ಲಿ ಮಲ್ಲಿಗೆ ಬೆಳೆಸಿ, ಬಿಸಿಲೇರುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸುತ್ತಾಳೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು, ಮದುವೆ ಮಾಡಿಸಿದ್ದು ಎಲ್ಲ ಆ ಹೂವಿನಲ್ಲೇ.

ಒಮಾನ್ ದೇಶದ ಸೀಬ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಅವಳನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡದ್ದು ಕೈಗೆ ವಿಶ್ರಾಂತಿ ಸಿಗಲಿ ಎಂದು. ಸಿಕ್ಕಿದ್ದು ಬರೀ ವಿಶ್ರಾಂತಿಯೇ. ಬೆರಳಿಗೆ ವ್ಯಾಯಾಮವಾಗಲಿ ಎಂದು ಊರಿನ ಡಾಕ್ಟರು ಕೊಟ್ಟಿದ್ದ ರಬ್ಬರ್ ಬಾಲು ಮೇಜಿನ ಮೇಲಿನ ಬುಟ್ಟಿಯಲ್ಲಿ ಮೋಸಂಬಿಯ ಜೊತೆ ಕೂತಿತ್ತು. ಒಂದು ಸಂಜೆ ಬಟ್ಟೆ ಮಡಚುತ್ತಿದ್ದಾಗ ಅಕ್ಕ ಹೇಳಿದಳು: "ಹೋದ ಕೂಡ್ಲೆ ಗಿಡ ಎಲ್ಲ ಕಡಿಸಿ ಬಿಡ್ತೇನೆ. ಮಳೆ ಹಿಡಿಯುವ ಮೊದ್ಲು. ಆಳಿಗೆ ಹೇಳಿ ಆಗಿದೆ."

"ಈಗ ಪಕ್ಕದ ಮನೆಯವಳು ಕೊಯ್ತಾ ಇದ್ದಾಳಲ್ಲ?"

"ಅವಳು ಎಷ್ಟು ದಿನ ಕೊಯ್ತಾಳೆ? ಕಟ್ಲಿಕ್ಕೆ ಆಗದವಳಿಗೆ ಗಿಡ ಎಂತಕ್ಕೆ?"

ನಾನು ಬೈರಾಸು ಮಡಚುತ್ತಾ ಕೂತೆ.

ನನ್ನ ಗಂಡ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಅಲ್ಲಿ ಅವರ ಜೊತೆ ಕೆಲಸ ಮಾಡುವ ಒಮಾನಿ ಹುಡುಗನ ಊರು ಜಬಲ್ ಅಖ್ದರ್ ಬೆಟ್ಟದ ಮೇಲೆ. ಅಜ್ಜನ ಕಾಲದ ಮನೆಯನ್ನು ರಿಪೇರಿ ಮಾಡಿಸಿ ರಜೆಗೆ ಬರುವವರಿಗೆ ಕೊಡುತ್ತಾರೆ. "ಫ್ರಾನ್ಸಿನಿಂದ ಬಂದವರೂ ನಮ್ಮ ವಿಲ್ಲಾ ಬಿಟ್ಟು ಹೋಗಲಿಕ್ಕೆ ಒಪ್ಪಲಿಲ್ಲ. ಈಗ ಗುಲಾಬಿಯ ಕಾಲ, ನಿಮ್ಮ ಅಕ್ಕನನ್ನು ಕರ್ಕೊಂಡು ಬನ್ನಿ" ಎಂದನಂತೆ. ಈ ದೇಶದಲ್ಲಿ ನಾಲ್ಕು ಗೋಡೆಯಿದ್ದು ಪಕ್ಕದ ಮನೆಗೆ ತಾಗದೆ ನಿಂತರೆ ಅದು ವಿಲ್ಲಾ. ಹಾಗಾಗಿ ನಾನು ಹೆಚ್ಚು ಆಸೆ ಇಟ್ಟುಕೊಳ್ಳದೆ ಕುಚಲಕ್ಕಿ, ಕುಕ್ಕರು, ಉಪ್ಪಿನಕಾಯಿ, ಒಣಸಿಗಡಿ ಚಟ್ನಿ ಎಲ್ಲ ಕಟ್ಟಿಕೊಂಡೆ.

"ಮೂರು ದಿನಕ್ಕೆ ಹೋಗುದಾ, ಮನೆ ಒಕ್ಕಲಿಗೆ ಹೋಗುದಾ?" ಎಂದರು ಗಂಡ.

"ಹಸಿವಾದಾಗ ಕೇಳ್ತೇನೆ ನಿಮ್ಮನ್ನು" ಎಂದೆ.

ಬೆಟ್ಟದ ಬುಡದಲ್ಲಿ ಪೊಲೀಸರು ಗಾಡಿ ನೋಡಿಯೇ ಬಿಡುವುದು, ಫೋರ್ ವೀಲ್ ಡ್ರೈವ್ ಅಲ್ಲದ ಕಾರು ಮೇಲೆ ಹೋಗುವಂತಿಲ್ಲ. ಗೆಳೆಯರೊಬ್ಬರ ದೊಡ್ಡ ಗಾಡಿ ಕೇಳಿ ತಂದಿದ್ದೆವು. ಮೇಲೆ ಹೋದ ಹಾಗೆ ಬಿಸಿಲಿನ ಬಿಸಿ ಕಳಚಿಕೊಂಡಿತು. ಒಂದು ತಿರುವಿನಲ್ಲಿ ಕಣಿವೆಯ ಅಂಚಿಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಹಸಿರು ಪಟ್ಟಿಗಳು ಕಂಡವು. ಅಕ್ಕ ಕಿಟಕಿಯ ಗಾಜು ಇಳಿಸಿದಳು.

ಮನೆ ಕಲ್ಲು ಮಣ್ಣಿನದು. ಬಾಗಿಲು ಎಷ್ಟು ಗಿಡ್ಡವೆಂದರೆ ಗಂಡ ಮೊದಲ ದಿನ ಹೊಸ್ತಿಲು ದಾಟಿದಾಗಲೆಲ್ಲ ತಲೆ ಬಡಿಸಿಕೊಂಡರು. ದಪ್ಪ ಗೋಡೆಯಲ್ಲಿ ಗೂಡುಗಳಿದ್ದವು. ಒಂದರಲ್ಲಿ ನನ್ನ ಉಪ್ಪಿನಕಾಯಿ ಭರಣಿ ಅಲ್ಲಿಯೇ ಹುಟ್ಟಿದಂತೆ ಕೂತಿತು. ನೆಲದ ಮೇಲೆ ಹಾಸಿಗೆ, ಎ.ಸಿ. ಇಲ್ಲ, ಏಪ್ರಿಲ್‌ನಲ್ಲೂ ಕಂಬಳಿ. ಅಷ್ಟು ಎತ್ತರದಲ್ಲಿ ಕುಚಲಕ್ಕಿ ಬೇಯಲು ಇನ್ನೂ ಹಟ ಹಿಡಿಯಿತು, ಗ್ಯಾಸು ಮುಗಿದೀತೆಂದು ನನಗೆ ಹೆದರಿಕೆಯಾಯಿತು. ಆದರೂ ಆ ಗಂಜಿಯ ರುಚಿ ಸೀಬ್‌ನಲ್ಲಿ ಬರುವುದಿಲ್ಲ.

ಪಕ್ಕದ ಮನೆಯಲ್ಲಿ ಆ ಹುಡುಗನ ಅಜ್ಜಿ ಇದ್ದರು. ನಾವು ಬಂದ ಕೂಡಲೇ ಖರ್ಜೂರ, ಕಾಫಿ ತಂದು ಕೂತರು. ನನ್ನ ಅರಬ್ಬಿ ತರಕಾರಿ ಅಂಗಡಿಯಲ್ಲಿ ಕಲಿತದ್ದು, ಅವರ ಹಿಂದಿ ಬಟ್ಟೆ ಅಂಗಡಿಯಲ್ಲಿ ಕಲಿತದ್ದು. ಎರಡನ್ನೂ ಸೇರಿಸಿದರೆ ಒಂದು ಮಾತು ಆಗುತ್ತಿತ್ತು.

ಮನೆಯ ಹಿಂದೆಯೇ ಫಲಜ್ ಹರಿಯುತ್ತದೆ. ಬೆಟ್ಟದ ಒರತೆಯ ನೀರನ್ನು ಊರಿನ ತೋಟಗಳಿಗೆಲ್ಲ ಒಯ್ಯುವ ಮೊಳದಗಲದ ಕಲ್ಲಿನ ಕಾಲುವೆ. ಪ್ರತಿ ಪಟ್ಟಿಯ ಬಾಯಿಗೂ ಒಂದು ಕಲ್ಲು, ಸಂದಿಗೆ ತುರುಕಿದ ಹಳೇ ಬಟ್ಟೆ. ಸಂಜೆ ನಾನು ಪಾತ್ರೆ ತೊಳೆದು ಹಿಂದೆ ಬಂದಾಗ ಅಕ್ಕ ಸೀರೆ ಎತ್ತಿ ಕಟ್ಟಿ ಕಾಲುವೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕಲ್ಲು ಎಳೆದು ಪಕ್ಕಕ್ಕಿಟ್ಟಿದ್ದಳು, ಕಾಲುವೆಗೆ ಅಡ್ಡ ಮಣ್ಣು ಮೆತ್ತಿದ್ದಳು. ನೀರು ಬಾಡಿದ ಗುಲಾಬಿ ಗಿಡಗಳ ಬುಡಕ್ಕೆ ನುಗ್ಗುತ್ತಿತ್ತು.

"ಇದೆಂತ ಮಾಡಿದ್ದು ನೀನು?"

"ನೋಡು ಹೇಗೆ ಬಾಡಿದೆ. ಬುಡದ ಪಕ್ಕದಲ್ಲೇ ನೀರು ಹರೀತಾ ಉಂಟು, ಯಾರಿಗೂ ಕಣ್ಣಿಲ್ಲ. ನಾಳೆ ಕೊಯ್ಯುವ ಗಿಡಕ್ಕೆ ಇವತ್ತು ಸಂಜೆ ನೀರು ಬಿಡದಿದ್ದರೆ ಮೊಗ್ಗು ಬಿರಿಯುದು ಹೇಗೆ?"

ಬಂದ ಮೇಲೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವಳ ಎರಡೂ ಕೈ ಮಣ್ಣಾಗಿತ್ತು. ಆ ಸಂತೋಷದಲ್ಲಿ ನಾನೂ ಕಲ್ಲನ್ನು ತಿರುಗಿ ಇಡಲು ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಜ್ಜಿ ಬಂದರು. ಒಣಗಿದ ಕಾಲುವೆಯ ಗುಂಟ, ನೀರು ಎಲ್ಲಿ ತಪ್ಪಿತೆಂದು ನೋಡಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ. ಕೂಗಾಡಲಿಲ್ಲ. ಮಣ್ಣು ಕಿತ್ತರು, ಕಲ್ಲು ತಿರುಗಿ ಇಟ್ಟರು, ಬಟ್ಟೆ ತುರುಕಿದರು. ನೀರು ಕೆಳಗೆ ಹೋಗುವುದನ್ನು ನೋಡಿ ಆಮೇಲೆ ನಮ್ಮ ಕಡೆ ತಿರುಗಿದರು. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುವವರೆಗೆ ಈ ನೀರು ನನ್ನದು, ಎಂದರು. ಆಮೇಲೆ ಇನ್ನೊಬ್ಬರದು. ಈ ಗಿಡ ನನ್ನ ಮೈದುನನದು, ಅವನ ಪಾಲು ನಾಳೆ. ಇಲ್ಲಿ ಜಾಗ ಇದ್ದವನಿಗೆ ನೀರಿಲ್ಲ, ಹೊತ್ತು ಇದ್ದವನಿಗೆ ನೀರು.

ನಾನು ಅದನ್ನು ನಮ್ಮ ತುಳುವಿನಲ್ಲಿ ಹೇಳಿದಾಗ ಅಕ್ಕನ ಮುಖ ಸಣ್ಣದಾಯಿತು. "ಬೇರೆಯವರ ನೀರು ಕದ್ದ ಹಾಗಾಯ್ತಲ್ಲ ಮಾರಾಯ್ತಿ. ನಮ್ಮಲ್ಲಿ ಬಾವಿ ನಮ್ಮದು, ನೀರು ನಮ್ಮದು. ನನಗೆಂತ ಗೊತ್ತು?" ಎಂದಳು. ಆಮೇಲೆ, "ಅವರ ಗಿಡಕ್ಕೆ ಕೊಡಪಾನದಲ್ಲಿ ಹೊತ್ತು ಹಾಕ್ತೇನೆ ಅಂತ ಹೇಳು" ಎಂದಳು.

ಅಜ್ಜಿ ಕೇಳಿ ನಕ್ಕುಬಿಟ್ಟರು. "ನೀರು ಬೇಡ. ಕೈ ಕೊಡು. ಬೆಳಿಗ್ಗೆ ನಮಾಜು ಆದ ಮೇಲೆ ಹೂ ಕೊಯ್ಯಲಿಕ್ಕೆ ಬಾ. ನನ್ನ ಮೊಮ್ಮಕ್ಕಳು ಬಿಸಿಲು ಕಾಲಿಗೆ ಬಿದ್ದ ಮೇಲೆ ಏಳುವವರು."

ಅಕ್ಕ ಬಲಗೈಯನ್ನು ಮುಂದೆ ಚಾಚಿ ತೋರಿಸಿದಳು. ಮಣಿಕಟ್ಟು ಸ್ವಲ್ಪ ಸೊಟ್ಟ, ಬೆರಳು ಚಮಚದ ಹಾಗೆ. ಅಜ್ಜಿ ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಮಸಾಲೆ ಅರೆಯುವ ಕಲ್ಲು ಕೊಳ್ಳುವವರು ನೋಡುವ ಹಾಗೆ. "ಇನ್ನೊಂದು ಉಂಟಲ್ಲ" ಎಂದು ಹೊರಟುಹೋದರು.

ಬೆಳಿಗ್ಗೆ ನಾನು ಏಳುವಾಗ ಅಕ್ಕನ ಹಾಸಿಗೆ ಮಡಚಿಟ್ಟಿತ್ತು. ಕೆಳಗಿನ ಪಟ್ಟಿಯಲ್ಲಿ ಇಬ್ಬರೂ ಸೊಂಟಕ್ಕೆ ಬಟ್ಟೆಯ ಜೋಳಿಗೆ ಕಟ್ಟಿಕೊಂಡು ನಿಂತಿದ್ದರು. ತಿಳಿ ಗುಲಾಬಿ ಬಣ್ಣದ ಸಣ್ಣ ಹೂ, ಒತ್ತೊತ್ತಾಗಿ ಮುಳ್ಳು. ಅಕ್ಕ ಎಡಗೈಯಲ್ಲಿ ಕೊಯ್ಯುತ್ತಿದ್ದಳು. ಅಭ್ಯಾಸವಿಲ್ಲದ ಕೈಗೆ ಮುಳ್ಳು ಹತ್ತಿ ರಕ್ತದ ಗೀರು. ಅಜ್ಜಿ ಮುಂದೆ ಹೋಗುತ್ತಲೇ ಇದ್ದರು. ಹಿಂದೆ ತಿರುಗಿ "ಯಲ್ಲಾ, ಯಲ್ಲಾ, ಬೇಗ, ಬಿಸಿಲು ಬಂದರೆ ಪರಿಮಳ ಖಲಾಸ್" ಎನ್ನುತ್ತಿದ್ದರು. ಅಕ್ಕನಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಅದನ್ನೇ ಅವಳು ಚಿಕ್ಕಂದಿನಲ್ಲಿ ನನಗೆ ಹೇಳುತ್ತಿದ್ದದ್ದು.

ನಾನೂ ಒಂದು ಬಟ್ಟೆ ಕಟ್ಟಿಕೊಂಡು ಸೇರಿದೆ. ಸ್ವಲ್ಪ ಹೊತ್ತು ಕಳೆದು ನೋಡುತ್ತೇನೆ, ಅಕ್ಕ ಎಡಗೈಯಲ್ಲಿ ಕೊಂಬೆ ಬಾಗಿಸಿ ಹಿಡಿದಿದ್ದಾಳೆ, ಹೂ ಮುರಿಯುತ್ತಿರುವುದು ಬಲಗೈ. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ. ಉಳಿದ ಮೂರು ಪಕ್ಕಕ್ಕೆ ಸೆಟೆದು ನಿಂತಿದ್ದವು. ನಾನು ಬೇಗ ಬೇರೆ ಗಿಡದ ಕಡೆ ತಿರುಗಿದೆ. ನೋಡಿದೆನೆಂದು ಅವಳಿಗೆ ಗೊತ್ತಾದರೆ ಆ ಕೈ ತಿರುಗಿ ಸೆರಗಿನೊಳಗೆ ಹೋಗುತ್ತಿತ್ತು.

ಹೂವನ್ನು ಅಜ್ಜಿ ಮಸಿ ಹಿಡಿದ ಕೋಣೆಗೆ ಒಯ್ದರು. ಮಣ್ಣಿನ ಒಲೆ, ಮಡಕೆ, ಮೇಲೆ ತಾಮ್ರದ ಬೋಗುಣಿ; ಗುಲಾಬಿ ನೀರು ಬಟ್ಟಿ ಇಳಿಸುವುದು ಅಲ್ಲಿ. ಜೋಳಿಗೆ ತಿರುಗಿಸಿ ಮಡಕೆಗೆ ಸುರಿಯುವಾಗ ಅಕ್ಕ ಅವರ ಕೈ ಹಿಡಿದಳು.

"ಹೂ ಬೇಯಿಸುದಾ? ಅಯ್ಯೋ, ದೇವರೇ."

ನಾನು ಅದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಿದರು: "ಮತ್ತೆ ನಿಮ್ಮಲ್ಲಿ ಹೂ ಎಂತ ಮಾಡ್ತೀರಿ?"

"ಕಟ್ತೇವೆ."

"ಕಟ್ಟಿ?"

"ಮುಡೀತೇವೆ."

"ಆಮೇಲೆ?"

"ಬಾಡ್ತದೆ, ಬಿಸಾಡ್ತೇವೆ" ಎಂದೆ. ಅಜ್ಜಿ ಅಕ್ಕನನ್ನು ನೋಡಿ ತಲೆಯಾಡಿಸಿದರು. "ಪಾಪ ಮಾಡುವುದು ನಾನಾ, ನೀವಾ?"

ಅಕ್ಕ ನಗಲಿಲ್ಲ. ಆಚೀಚೆ ನೋಡಿ, ಮೂಲೆಯಲ್ಲಿದ್ದ ಖರ್ಜೂರದ ಮರದ ಒಣ ಗರಿಯನ್ನು ಸೀಳಿದಳು, ನೀರಿನಲ್ಲಿ ಅದ್ದಿದಳು. ಹೊಸ್ತಿಲಲ್ಲಿ ಕೂತು ಗುಲಾಬಿ ಕಟ್ಟಲು ಶುರು ಮಾಡಿದಳು. ಮಲ್ಲಿಗೆಯ ಕೈಗೆ ಗುಲಾಬಿ ದಪ್ಪ, ಗರಿ ಒರಟು, ನಡುಬೆರಳು ಮಡಚುವುದಿಲ್ಲ. ಸುತ್ತು ಹಾಕಿದ್ದು ಬಿಚ್ಚಿಹೋಗುತ್ತದೆ. ತಿರುಗಿ ಹಾಕುತ್ತಾಳೆ. ಒಲೆಗೆ ಕಟ್ಟಿಗೆ ಒಟ್ಟುತ್ತಾ ಅಜ್ಜಿ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ನನ್ನ ಗಂಡ ಬಂದು, ಬಾಗಿಲಿಗೆ ಈಗ ಬಾಗುವುದನ್ನು ಕಲಿತಿದ್ದವರು, ಬಾಗಿಯೇ ನಿಂತು ಹೇಳಿದರು: "ಅಕ್ಕ, ಹೂವಿಗೂ ಹೂವಿಗೂ ನಡುವೆ ಬಸ್ಸು ಹೋಗ್ತದಲ್ಲ."

"ನೀವು ಬಾಗಿಲು ಬಿಡಿ ಭಾವ, ನನಗೆ ಬೆಳಕು ಬೇಕು" ಎಂದಳು ಅಕ್ಕ.

ಮಾಲೆ ಒಂದು ಗೇಣು ಆಯಿತು. ಅಜ್ಜಿಯ ತಲೆಬಟ್ಟೆಯ ಮೇಲೆ ಅಡ್ಡಕ್ಕೆ ಇಟ್ಟಾಗ ಎರಡು ಹೂ ಜಾರಿ ನೆಲಕ್ಕೆ ಬಿದ್ದವು. ಅಜ್ಜಿ ಬಾಗಿ ಅವೆರಡನ್ನು ಹೆಕ್ಕಿ ಮಡಕೆಗೆ ಹಾಕಿದರು. ಮಾಲೆಯನ್ನು ಮಾತ್ರ ನಾವು ಹೊರಡುವವರೆಗೂ ತೆಗೆಯಲಿಲ್ಲ. ಗಾಡಿಯ ಕಿಟಕಿಯಿಂದ ಗುಲಾಬಿ ನೀರಿನ ಬಾಟಲಿ ಒಳಗಿಡುವಾಗಲೂ ಅದು ತಲೆಯ ಮೇಲೆಯೇ ಇತ್ತು, ಬಾಡಿ, ಒಂದು ಕಡೆಗೆ ವಾಲಿ. ಆ ಬಾಟಲಿಗೆ ಹೊಗೆಯ ವಾಸನೆ ಉಂಟು. ಇಂದಿಗೂ ಪಾಯಸಕ್ಕೆ ಒಂದು ಹನಿ ಹಾಕುವಾಗ ನಾನು ಮನಸ್ಸಿನಲ್ಲೇ ಆ ಮಸಿ ಕೋಣೆಗೆ ಕೈಮುಗಿಯುತ್ತೇನೆ.

ಇಳಿಯುವಾಗ ಗಂಡ ಗಾಡಿಯನ್ನು ಸಣ್ಣ ಗೇರಿನಲ್ಲೇ ಬಿಟ್ಟಿದ್ದರು. ಅಕ್ಕ ಹಿಂದಿನ ಸೀಟಿನಿಂದ ಊರಿಗೆ, ಪಕ್ಕದ ಮನೆಯವಳಿಗೆ, ಫೋನು ಹಚ್ಚಿದಳು.

"ಸಂಜೆ ನೀರು ಬಿಡ್ತಾ ಇದ್ದೀಯಲ್ಲ? ಬುಡಕ್ಕೆ ಬಿಡು, ಎಲೆಗಲ್ಲ. ಮತ್ತೆ ಆ ಆಳು ಬಂದರೆ ಕಡಿಯುದು ಬೇಡ ಅಂತ ಹೇಳು. ಹಲೋ. ಬೇಡ, ಬೇಡ ಅಂತ ಹೇಳು."

ತಿರುವಿನಲ್ಲಿ ಸಿಗ್ನಲ್ ಹೋಯಿತು. ಅವಳು ಫೋನನ್ನು ಬಲಗೈಯಲ್ಲೇ ಹಿಡಿದು, ಬೆಟ್ಟ ಇಳಿದು ಸಿಗ್ನಲ್ ಬರುವುದನ್ನು ಕಾಯುತ್ತಾ ಕೂತಳು. ಕೆಳಗೆ ನಿಜ್ವಾ ಪಟ್ಟಣದ ಹತ್ತಿರ ಸಿಕ್ಕಿತು. ಮೊದಲಿನಿಂದ ಪೂರ್ತಿ ಇನ್ನೊಮ್ಮೆ ಹೇಳಿದಳು.

"ಕಟ್ಲಿಕ್ಕೆ ಆಗ್ತದಾ ಅಂತ ಕೇಳ್ತಾ ಇದ್ದಾಳೆ" ಎಂದು ನನಗೆ ಹೇಳಿ, ಉತ್ತರವನ್ನು ಫೋನಿಗೇ ಕೊಟ್ಟಳು: "ಬಿಗಿ ಇರುದಿಲ್ಲ. ಎರಡು ಉದುರ್ತದೆ. ಉದುರಿದ್ದನ್ನು ಹೆಕ್ಕಿದರಾಯ್ತು."