ಅಕ್ಕ ರೊಟ್ಟಿ ಬಡಿಯುತ್ತಾ ಹೇಳಿದ ನಾರ್ವೆಯ ಊರು

ಅಕ್ಕನ ಎರಡೂ ಅಂಗೈಗಳು ಸದಾ ಕೆಂಪಗಿರುತ್ತಿದ್ದವು. ಜೋಳದ ರೊಟ್ಟಿ ಬಡಿದು ಬಡಿದು ಹಾಗಾಗಿವೆ ಎಂದು ಮನೆಯಲ್ಲಿ ಹೇಳುತ್ತಿದ್ದೆವು. ಬಸ್ಸಿನಲ್ಲಿ ಸುಮ್ಮನೆ ಕುಳಿತಾಗಲೂ ತೊಡೆಯ ಮೇಲೆ ಆ ಬಡಿತದ ತಾಳ ಹಾಕುತ್ತಲೇ ಇರುವಳು.

ವಿಜಯಪುರದ ಕಡೆಯಿಂದ ಮದುವೆಯಾಗಿ ಲಂಡನ್ನಿಗೆ ಮೊದಲು ಬಂದವಳು ಆಕೆ. ಏಳನೆಯ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಕರೆಸಿಕೊಂಡು ಸೌತ್‌ಹಾಲ್‌ನ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆ ಹಚ್ಚಿದವಳೂ ಆಕೆಯೇ. ಭಾವ ತೀರಿಕೊಂಡ ಮೇಲೆ ಕೊಲಿಂಡೇಲ್‌ನ ನಮ್ಮ ಫ್ಲ್ಯಾಟಿನಲ್ಲಿ ಇದ್ದಳು. ವಯಸ್ಸಾದವರ ಮನೆಗೆ ಹೋಗಿ ಸ್ನಾನ ಮಾಡಿಸಿ, ಉಣಿಸಿ, ಗುಳಿಗೆ ಕೊಟ್ಟು ಬರುವುದು ಆಕೆಯ ಕೆಲಸ.

ಎಜ್‌ವೇರ್‌ನಲ್ಲಿ ಆಕೆ ನೋಡಿಕೊಳ್ಳುತ್ತಿದ್ದ ಮುದುಕ ನಾರ್ವೆಯವನು. ಹರೆಯದಲ್ಲಿ ಹಡಗು ಹತ್ತಿ ಬಂದು ಇಲ್ಲೇ ಉಳಿದವನು. ಅಕ್ಕ ಅವನನ್ನು ನಮ್ಮ ಕಡೆ ಅಜ್ಜನನ್ನು ಕರೆಯುವಂತೆ ಮುತ್ಯಾ ಎನ್ನುತ್ತಿದ್ದಳು. ಅವನಿಗೆ ಮಾತಾಡಲು ಇದ್ದದ್ದು ಒಂದೇ ವಿಷಯ, ತನ್ನ ಊರು. ಊರೆಂದರೆ ಉದ್ದನೆಯ ಸರೋವರದ ದಂಡೆಗೆ ಚದುರಿಕೊಂಡ ಒಂಟಿ ಹೊಲಮನೆಗಳು, ಎಲ್ಲ ಸೇರಿ ಒಂದು ಪಂಚಾಯಿತಿ. ಆ ಪಂಚಾಯಿತಿ ಈಗಿಲ್ಲ.

ಅಕ್ಕ ರೊಟ್ಟಿ ಬಡಿಯುತ್ತಾ ಅದರ ಕಥೆಯನ್ನು ನಮಗೆ ಹೇಳುವಳು.

“ಮೊದಲ ಅವ್ರು ಗುಡ್ಡದಾಚಿ ದೊಡ್ಡ ಪಂಚಾಯ್ತಿಗೆ ಸೇರಿದ್ರಂತ. ಸತ್ತವ್ರನ್ನ ಮಣ್ಣು ಮಾಡಾಕ ಬರ್ಫದ ಮ್ಯಾಲ ಎಳಕೊಂಡು ಅಲ್ಲೀತನಕ ಒಯ್ಯಬೇಕಿತ್ತಂತ. ಸಾಕಾಗಿ ತಮ್ಮದೊಂದು ಚರ್ಚ್ ಕಟ್ಟಿ ಬ್ಯಾರಿ ಆದ್ರು. ಮೀಟಿಂಗ್ ಎಲ್ಲಿ ಮಾಡ್ತಿದ್ರು ಹೇಳು? ಸಾಲ್ಯಾಗ! ಹುಡುಗೂರು ಕೂಡೋ ಬೆಂಚಿನಾಗ ಗಡ್ಡದವ್ರು ಮೊಣಕಾಲು ಗದ್ದಕ್ಕ ಹಚ್ಚಿ ಕುಂದರ್ತಿದ್ರಂತ.”

“ಮುಂದೇನಾತ್ರೀ?” ಎಂದು ನನ್ನ ಹೆಂಡತಿ ಕೇಳುವಳು.

“ಸರ್ಕಾರ ಸಣ್ಣ ಪಂಚಾಯ್ತಿ ಎಲ್ಲಾ ದೊಡ್ಡದಕ್ಕ ಕೂಡಿಸ್ತು. ಕಡೀ ಮೀಟಿಂಗಿಗೆ ಮುತ್ಯಾನ ಅಪ್ಪನೇ ಅಧ್ಯಕ್ಷ. ಎಲ್ಲಾರೂ ಕಾಫಿ ಕುಡದು, ಬೆಂಚ್ ಒರಸಿಟ್ಟು ಮನಿಗೆ ಹ್ವಾದ್ರಂತ.”

ನಮ್ಮವ್ವ ಜೋಳ ಬೀಸುವಾಗ ಹಾಡುತ್ತಿದ್ದ ಧಾಟಿಗೆ ಅಕ್ಕ ಆ ಮನೆಗಳ ಹೆಸರು ಕೂಡಿಸಿದ್ದಳು. ‘ನೆಸ್ಸಿನ ಮನಿ ಮುಂದ ಹೌಗೆನ್ನ ದಿಬ್ಬ, ದಿಬ್ಬ ಇಳದರ ಬಕ್ಕೆನ್ನು ತಂಗೀ, ಬಕ್ಕೆನ್ನ ಕೆಳಗ ಮೀರಾ...’ ಹೀಗೆ ಚರ್ಚಿನಿಂದ ಸರೋವರದ ತುದಿಯವರೆಗೆ, ಬಡಿತಕ್ಕೊಂದು ಮನೆ. ಮುತ್ಯಾನಿಗೆ ಇದನ್ನೆಲ್ಲ ತನ್ನ ತಂಗಿಯ ಮಗಳಿಗೆ ಹೇಳುವ ಆಸೆ. ಆಕೆಗೆ ಪುರಸೊತ್ತಿಲ್ಲ. “ನಾ ಹೇಳ್ತೀನಿ ಅಂತ ಮಾತು ಕೊಟ್ಟೀನಿ,” ಎನ್ನುತ್ತಿದ್ದಳು ಅಕ್ಕ.

ಇನ್ನು ನನ್ನ ತಪ್ಪು ಹೇಳಿಬಿಡುತ್ತೇನೆ. ಒಂದು ದೀಪಾವಳಿಗೆ ಕನ್ನಡದ ಮಂದಿಯೆಲ್ಲ ಊಟಕ್ಕೆ ಸೇರಿದ್ದೆವು. ನಾನು ತಲೆಯ ಮೇಲೆ ಸೆರಗಿನಂತೆ ಟವಲು ಹೊದ್ದು, ಮೇಜಿನ ಮೇಲೆ ರೊಟ್ಟಿ ಬಡಿಯುವಂತೆ ಮಾಡಿ, ಅಕ್ಕನ ಹಾಡನ್ನೂ ಕಥೆಯನ್ನೂ ಪೂರ್ತಿ ಅಣಕಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಬೆಂಗಳೂರಿನವರೊಬ್ಬರು, “ಸೂಪರ್ ಗುರೂ, ಇನ್ನೊಂದ್ಸಲ!” ಎಂದರು. ಮತ್ತೆ ಮಾಡಿದೆ. ಆಮೇಲೆ ಎಲ್ಲ ಕೂಟಗಳಲ್ಲೂ ಅದೇ ನನ್ನ ಐಟಂ ಆಯಿತು.

ಮೊದಲ ಸಲ ಅಕ್ಕನೂ ನಕ್ಕಳು. “ನಗ್ರಿ, ನಗ್ರಿ. ಇವನ ಬಾಯಾಗರ ಬಂತಲ್ಲ,” ಎಂದಳು. ಆದರೆ ಅಂದಿನಿಂದ ನನ್ನೆದುರು ಆಕೆ ಹಾಡಲಿಲ್ಲ. ಅಡುಗೆಮನೆಯಿಂದ ಬಡಿತ ಮಾತ್ರ ಕೇಳುತ್ತಿತ್ತು.

ಮುತ್ಯಾ ತೀರಿಕೊಂಡ. ಸ್ವಲ್ಪ ಕಾಲಕ್ಕೆ ಅಕ್ಕನೂ ಆಸ್ಪತ್ರೆ ಸೇರಿದಳು. ನೋಡಲು ಹೋದರೆ, “ಮುತ್ಯಾನ ತಂಗಿ ಮಗಳು ಬಂದ್ರ ಹೇಳಾವ್ರು ಯಾರೋ ತಮ್ಮಾ? ಕುಂಡ್ರು, ಒಮ್ಮೆ ಸರಿಯಾಗಿ ಕೇಳ್ಕೋ,” ಎಂದಳು. ನನಗೆ ಅಂಗಡಿಗೆ ಹೋಗುವ ಅವಸರ. “ನಾಳೆ ಕೇಳ್ತೀನಿ ಬಿಡಕ್ಕಾ,” ಎಂದು ಎದ್ದು ಬಂದೆ. ಮರುದಿನ ಹೋಗುವಷ್ಟರಲ್ಲಿ ಆಕೆಗೆ ಮಾತು ನಿಂತಿತ್ತು. ಮತ್ತೆ ಬರಲಿಲ್ಲ. ಆಕೆ ತೀರಿಕೊಂಡ ಮೇಲೆ ಆ ಅಣಕವನ್ನು ನಾನೂ ಬಿಟ್ಟೆ. ಯಾರಾದರೂ ಕೇಳಿದರೆ ಗಂಟಲು ಕೆಟ್ಟಿದೆ ಎನ್ನುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಮುತ್ಯಾನ ತಂಗಿಯ ಮಗಳು ನಮ್ಮ ಬಾಗಿಲು ತಟ್ಟಿದಳು. ಎಜ್‌ವೇರ್‌ನ ನೆರೆಯವರು ಮನೆ ತೋರಿಸಿದ್ದರಂತೆ. ಆಕೆಯ ತಾಯಿಯೂ ತೀರಿಕೊಂಡಿದ್ದರು, ಊರಿನ ಕಥೆ ಹೇಳುವವರು ಯಾರೂ ಉಳಿದಿರಲಿಲ್ಲ. ನಿಮ್ಮ ಅಕ್ಕನಿಗೆ ಎಲ್ಲ ಗೊತ್ತಿದೆ ಎಂದು ಮಾವ ಹೇಳುತ್ತಿದ್ದ, ಎಂದಳು. ಅಕ್ಕ ಇಲ್ಲವೆಂದು ನನ್ನ ಮಗಳ ಕೈಲಿ ಇಂಗ್ಲಿಷಿನಲ್ಲಿ ಹೇಳಿಸಿದೆ. ಆಕೆ ಚಹಾವನ್ನು ಅರ್ಧಕ್ಕೆ ಬಿಟ್ಟು ಎದ್ದಳು.

“ಅಪ್ಪಾ, ಡು ದ ರೊಟ್ಟಿ ಥಿಂಗ್,” ಎಂದಳು ಮಗಳು.

“ಸುಮ್ಕಿರು. ಅದು ಚಾಷ್ಟಿಗೆ ಮಾಡಿದ್ದು.”

“ಜಸ್ಟ್ ಡು ಇಟ್, ಅಪ್ಪಾ.”

ತಲೆ ತಗ್ಗಿಸಿಕೊಂಡೇ ಮೇಜಿನ ಮೇಲೆ ಅಂಗೈ ಬಡಿದೆ. ಮೊದಲ ಮನೆ ಬಂತು. ಅದರ ಹಿಂದೆಯೇ ಉಳಿದವೆಲ್ಲ ಬಂದವು, ನಾಲಿಗೆ ಎಲ್ಲೂ ತಡವರಿಸಲಿಲ್ಲ. ಮೀರಾ ಎಂದಾಗ ಬಂದಾಕೆ ಕೈಯೆತ್ತಿ ನಿಲ್ಲಿಸಿ ಮತ್ತೆ ಕುಳಿತಳು. ಅದು ಮುತ್ಯಾ ಹುಟ್ಟಿದ, ಆಕೆಯ ತಾಯಿ ಹುಟ್ಟಿದ ಮನೆ. ಆಮೇಲೆ ಗಡ್ಡದವರ ಬೆಂಚನ್ನೂ ಕಡೆಯ ಕಾಫಿಯನ್ನೂ ಹೇಳಿದೆ. ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಆಕೆ ಅಳುತ್ತಾ ನಗುತ್ತಾ ಇನ್ನೊಮ್ಮೆ, ಇನ್ನೊಮ್ಮೆ ಎಂದು ಹಾಡಿಸಿದಳು. ಕೊನೆಗೆ ತಾನೂ ಮೇಜು ಬಡಿಯತೊಡಗಿದಳು.

ಅಕ್ಕನನ್ನು ನಗೆಪಾಟಲು ಮಾಡಿದ್ದು ತಪ್ಪೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಕೆ ಕೊಟ್ಟ ಮಾತು ನಡೆಯಿತು. ಎಷ್ಟೋ ದಿನಗಳ ಮೇಲೆ ಉಸಿರು ಸರಾಗವಾಗಿ ಆಡಿತು.

ಅತಿಥಿ ಹೋದ ಮೇಲೆ ಹೆಂಡತಿ ಚಹಾದ ಕಪ್ಪು ಎತ್ತಲು ಬಂದವಳು, “ಏನ್ರೀ ಇದು, ಕೈ ಹೆಂಗ ಕೆಂಪಗಾಗ್ಯಾವ ನೋಡ್ರಿ!” ಎಂದಳು.

“ಇರಲಿ ಬಿಡು,” ಎಂದೆ.